ಅತ್ತೆಯ ನಂತರದ ನೀರು

…ಅಯ್ಯೋ, ತಿರುಗಬೇಡಿ ಅತ್ತೆ, ಕಣ್ಣಿಗೆ ಸೋಪು ಹೋಗುತ್ತೆ. ಹಾಗೇ ಕೂತಿರಿ. ಮಣೆ ಅಲ್ಲಾಡ್ತಾ ಇಲ್ಲ ತಾನೇ? ಮೊಣಕಾಲು ಗಾಜಿಗೆ ತಾಗುತ್ತೆ, ಗೊತ್ತು… ಇದು ನಿಂತುಕೊಂಡು ಮೈ ತೊಳೆಯುವವರಿಗೆ ಕಟ್ಟಿದ ಗೂಡು. ಕೂತು ತೊಳೆದುಕೊಳ್ಳುವ ಜನವೂ ಲೋಕದಲ್ಲಿ ಇದ್ದಾರೆ ಅಂತ ಈ ಜರ್ಮನಿಯಲ್ಲಿ ಯಾರಿಗೂ ಹೊಳೆದೇ ಇಲ್ಲ. ಸ್ವಲ್ಪ ಮುಂದಕ್ಕೆ ಬಗ್ಗಿ. ಹಾಂ, ಸಾಕು.

ಬೆನ್ನು ಮಾತ್ರ. ಬೆನ್ನು ಉಜ್ಜುವುದಕ್ಕೆ ಬೇಡ ಅನ್ನಬೇಡಿ. ಒಂಬತ್ತು ದಿನ ಆಯಿತು ನೀವು ನೀರಿಗೆ ಇಳಿದು. ಒಂಬತ್ತು ದಿನ! ಮಾವ ತೀರಿಕೊಂಡ ದಿನವೂ ಸಂಜೆ ನೀರು ಕಾಯಿಸಿದವರು ನೀವು. ಬಂದವರೆಲ್ಲ ಅಳ್ತಾ ಕೂತಿದ್ದರೆ, ‘ಒಬ್ಬೊಬ್ಬರೇ ಹೋಗಿ ಸ್ನಾನ ಮಾಡಿ ಬನ್ನಿ, ಆಮೇಲೆ ಅಳಬಹುದು’ ಅಂದವರು. ಅಂಥವರು ಬಿಸಿ ಬಟ್ಟೆಯಲ್ಲಿ ಮೈ ಒರೆಸಿಕೊಂಡು ‘ನನಗೆ ಇಷ್ಟೇ ಸಾಕು’ ಅಂದರೆ ನಾನು ನಂಬಬೇಕೇ?

ಮಾತಾಡಬೇಡಿ, ಪರವಾಗಿಲ್ಲ. ನಾನೇ ಆಡ್ತೀನಿ. ಇವರು ಆಫೀಸಿಗೆ ಹೋದರು, ನಾತ್ಸುಮಿ ಸ್ಕೂಲಿಗೆ ಹೋದಳು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅದಕ್ಕೇ ಈ ಹೊತ್ತು ಆರಿಸಿಕೊಂಡೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ನಾನ… ನಮ್ಮ ಜಪಾನಿನಲ್ಲಾದರೆ ಕಾಯಿಲೆಯವರು ಅಂತ ಅಕ್ಕಪಕ್ಕದವರು ವಿಚಾರಿಸಿಕೊಂಡು ಬರ್ತಿದ್ದರು.

ನಾಡಿದ್ದು ಶುಕ್ರವಾರ ಹೊರಡ್ತೀನಿ ಅಂದಿರಂತೆ. ನನಗೆ ಹೇಳಲಿಲ್ಲ, ಮಗನಿಗೆ ಹೇಳಿದಿರಿ. ಮಾರ್ಚ್ ಮುಗಿಯುವವರೆಗೂ ಇರ್ತೀನಿ ಅಂತ ಬಂದವರು, ನಲವತ್ತು ದಿನಕ್ಕೇ… ಇವರು ನಿನ್ನೆ ಊಟ ಮಾಡಲಿಲ್ಲ, ಗೊತ್ತೇ ನಿಮಗೆ? ತಟ್ಟೆ ನೋಡ್ತಾ ಕೂತಿದ್ದರು. ‘ಅಮ್ಮನಿಗೆ ಈ ಬಚ್ಚಲು ಒಗ್ಗಲಿಲ್ಲ, ಯೊರಿಕೊ, ಅಷ್ಟೇ’ ಅಂದರು. ನಾನು ‘ಹೌದು, ಅದೇ ಇರಬೇಕು’ ಅಂದೆ.

ಅದೇ ತಾನೇ ಅತ್ತೆ? ಬಚ್ಚಲೇ ತಾನೇ?

ಒಗ್ಗುವುದಾದರೂ ಹೇಗೆ! ಒಂದೇ ಕೋಣೆಯಲ್ಲಿ ಸ್ನಾನವೂ ಕಕ್ಕಸೂ. ನೀವು ಬಂದ ದಿನ, ನೆನಪಿದೆಯೇ, ಬಾಗಿಲು ತೆಗೆದು ನೋಡಿ, ಒಂದು ಮಾತೂ ಆಡದೆ ಹೋಗಿ, ನಿಮ್ಮ ಆ ನೇರಳೆ ಬಣ್ಣದ, ಸಾಮಾನು ಗಂಟು ಕಟ್ಟುವ ಬಟ್ಟೆ ತಂದು ಕಕ್ಕಸಿನ ಮೇಲೆ ಹೊದಿಸಿದಿರಿ. ನಾಲ್ಕೂ ಮೂಲೆ ನೇರ ಮಾಡಿ! ಆಮೇಲೆ ಸ್ನಾನಕ್ಕೆ ಕೂತಿರಿ. ನಾತ್ಸುಮಿ ನೋಡಿ, ‘ಅಮ್ಮ, ಅಜ್ಜಿ ಕಮೋಡಿಗೆ ಶಾಲು ಹೊದಿಸಿದ್ದಾರೆ, ಅದಕ್ಕೆ ಚಳಿಯಂತೆ’ ಅಂತ… ನಗ್ತೀರಾ? ನಕ್ಕಿರಿ! ಭುಜ ಅಲ್ಲಾಡಿತು, ನಾನು ನೋಡಿದೆ.

ಅಲ್ಲವೇ? ಚಳಿಯೇ? ತಡೀರಿ, ಬಿಸಿನೀರು ಹಾಕ್ತೀನಿ… ಈಗ?

ನನಗೂ ಮೊದಲ ವರ್ಷ ಕಡಿಮೆ ಕಷ್ಟವಾಗಲಿಲ್ಲ. ತೊಟ್ಟಿಯ ಹೊರಗೆ ನೆಲದ ಮೇಲೆ ಕೂತು ಬೋಗುಣಿಯಲ್ಲಿ ನೀರು ಸುರಿದುಕೊಂಡೆ. ಹುಟ್ಟಿದಾಗಿನಿಂದ ಹಾಗೇ ಮಾಡಿದ್ದಲ್ಲವೇ. ನೆಲಕ್ಕೆ ನೀರು ಹೋಗುವ ಕಂಡಿಯೇ ಇಲ್ಲ ಅಂತ ನೋಡಿದ್ದು ಆಮೇಲೆ. ಆಗಿನ ಮನೆಯ ಕೆಳಗಿದ್ದ ಮುದುಕಿ, ಕೆಸ್ಲರ್ ಅನ್ನುವವರು, ಮೆಟ್ಟಿಲು ಹತ್ತಿಬಂದು, ಒದ್ದೆ ತಲೆಯನ್ನು ನನಗೆ ತೋರಿಸಿ ಹೊರಟುಹೋದರು. ಬಯ್ಯಲಿಲ್ಲ. ಬರೀ ತಲೆ ತೋರಿಸಿದರು. ಈ ಮುಚ್ಚಳ ಇದೆಯಲ್ಲ, ತೊಟ್ಟಿಯ ಮೇಲಿನದು… ಅದನ್ನು ಮಾಡಿಕೊಟ್ಟ ಬಡಗಿ, ‘ಒಳಗೆ ಏನು ಬೇಯಿಸ್ತೀರಿ?’ ಅಂತ ಕೇಳಿದ. ‘ನಮ್ಮನ್ನೇ’ ಅಂದೆ. ಅವನು ನಗಲಿಲ್ಲ. ಬರೆದುಕೊಂಡ. ಈ ಜನಕ್ಕೆ ಹೊರಗೇ ಮೈ ತೊಳೆದುಕೊಂಡು ತೊಟ್ಟಿಗಿಳಿಯುವುದು, ಒಂದು ಸಲ ತುಂಬಿದ ನೀರನ್ನು ಇನ್ನೊಬ್ಬರಿಗೆ ಅಂತ ಬಿಸಿಯಾಗಿ ಮುಚ್ಚಿಡುವುದು ಅರ್ಥವೇ ಆಗುವುದಿಲ್ಲ ಅತ್ತೆ. ಒಬ್ಬರು ಇಳಿದು ಎದ್ದರೋ, ಬಿರಡೆ ಕಿತ್ತರು, ನೀರು ಹೋಯಿತು.

…

ಏನು? ಏನೂ ಇಲ್ಲವೇ? ಮೈ ಬಿಗಿಮಾಡಿದಿರಿ ಅನ್ನಿಸಿತು. ಜೋರಾಗಿ ಉಜ್ಜಿದೆನೇ? ನಿಮ್ಮ ಚರ್ಮ ತುಂಬ ತೆಳ್ಳಗಾಗಿದೆ. ಮೆಲ್ಲಗೆ, ಮೆಲ್ಲಗೆ.

ನಮ್ಮ ಮನೆಯಲ್ಲಿ ಹಾಗಿಲ್ಲ, ನಿಮಗೇ ಗೊತ್ತು. ನೀವು ಬಂದ ದಿನದಿಂದ ಮೊದಲ ನೀರು ನಿಮಗೇ. ಅದನ್ನು ಯಾರಾದರೂ ಕೇಳಿದರೂ ನಾನು ಕೊಡ್ತಿರಲಿಲ್ಲ. ನಿಮ್ಮ ನಂತರ ನಾನು, ಅಡುಗೆಗೆ ಮುಂಚೆ. ಎಂಟೂವರೆಗೆ ಇವರು ಆಫೀಸಿನಿಂದ ಬಂದ ಮೇಲೆ ಇವರು. ನಾತ್ಸುಮಿ… ಅವಳ ಲೆಕ್ಕ ಬಿಡಿ, ಇಲ್ಲಿಯ ಹುಡುಗಿಯರ ಹಾಗೆ ಬೆಳಿಗ್ಗೆ ಎದ್ದು ಐದು ನಿಮಿಷ ಷವರ್, ಒದ್ದೆ ಕೂದಲಲ್ಲೇ ಟ್ರಾಮ್ ಹತ್ತುತ್ತಾಳೆ. ಆದರೆ ನಾವು ಮೂವರೂ ಒಂದೇ ನೀರಿನಲ್ಲಿ. ನಿಮ್ಮ ಅಕಿತಾದ ಮನೆಯಲ್ಲಿ ಹೇಗೋ ಹಾಗೇ.

ಅಲ್ಲಿ ಆ ನೀರಿನದೊಂದು ಕಥೆಯೇ ಇದೆಯಲ್ಲ. ಹಳೆಯ ತಲೆಮಾರಿನ ಒತೊಕು ಅಜ್ಜಿಯದು. ಮದುವೆಗೆ ಮುಂಚೆ, ಮಾತುಕತೆಯ ದಿನವೇ ನೀವು ನನಗೆ ಹೇಳಿದಿರಿ. ಹದಿಮೂರು ಜನರ ಮನೆ, ಒಂದೇ ದೇವದಾರು ತೊಟ್ಟಿ, ಸೊಸೆಯಾಗಿ ಬಂದ ಒತೊಕು ಅಜ್ಜಿ ಮೂವತ್ತೆಂಟು ವರ್ಷ ಕಟ್ಟಕಡೆಯಲ್ಲಿ ಸ್ನಾನ ಮಾಡಿದರು. ಆ ಮನೆಯವರು ಎಷ್ಟು ಶುದ್ಧ ಅಂದರೆ ಹದಿಮೂರನೆಯವರು ಎದ್ದ ಮೇಲೂ ತಳದ ಮರದ ಗೆರೆ ಎಣಿಸಬಹುದಿತ್ತು. ದಾರಿಹೋಕ ಸನ್ಯಾಸಿಯೊಬ್ಬ ಬಂದು, ಒರತೆಯ ನೀರು ಅಂತ ತಿಳಿದು ಬೊಗಸೆಯಲ್ಲಿ ಎತ್ತಿ ಕುಡಿದುಬಿಟ್ಟ…

ನಾನು ಆಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡ್ತಿದ್ದೆ. ಯಾವ ಸನ್ಯಾಸಿ, ಯಾವ ಮಠದವನು, ಯಾವ ವರ್ಷ ಅಂತ ಮಾವನನ್ನು ಕೇಳಿಬಿಟ್ಟೆ! ಮಾವ ಬಿದ್ದುಬಿದ್ದು ನಕ್ಕರು. ನೀವು ನಗಲಿಲ್ಲ.

ಸುಳ್ಳು ಅಂತ ನಾನು ಯಾವತ್ತೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಹದಿಮೂರು ಜನ, ಅದರಲ್ಲಿ ಮಕ್ಕಳೆಷ್ಟೋ, ಹೊಲದಿಂದ ಬಂದವರೆಷ್ಟೋ… ಹೋಗಲಿ, ನೀರಿನ ಮಾತು ಬಿಡಿ. ನನಗೆ ಅನುಮಾನ ಬರ್ತಿದ್ದದ್ದು ನೀರಿನ ಮೇಲಲ್ಲ, ಒತೊಕು ಅಜ್ಜಿಯ ಮೇಲೆ. ಮೂವತ್ತೆಂಟು ವರ್ಷದಲ್ಲಿ ಒಂದು ಸಂಜೆಯಾದರೂ ಆ ತೊಟ್ಟಿಯ ಮುಂದೆ ನಿಂತು ಅವರಿಗೆ ಹೇಸಿಗೆ ಅನ್ನಿಸಿರಲಿಲ್ಲವೇ? ಒಂದೇ ಒಂದು ಸಂಜೆ? ಅದನ್ನು ಯಾರೂ ಯಾಕೆ ಹೇಳುವುದಿಲ್ಲ? ಸನ್ಯಾಸಿ ಕುಡಿದದ್ದು ಎಲ್ಲರಿಗೂ ನೆನಪಿದೆ, ಸೊಸೆಗೆ ಏನನ್ನಿಸಿತು ಅನ್ನುವುದು ಒಬ್ಬರಿಗೂ ನೆನಪಿಲ್ಲ. ನಿಮಗೆ? ನೀವೂ ಹದಿನೇಳು ವರ್ಷ ಕೊನೆಯಲ್ಲೇ ಇಳಿದವರು. ನಿಮಗೆ ಯಾವತ್ತೂ…

ಹೇಸಿಗೆ ಅಂದೆನೇ ನಾನು? ಮಾತಿಗೆ ಬಂತು ಅತ್ತೆ. ಒತೊಕು ಅಜ್ಜಿಯ ವಿಷಯ ಹೇಳ್ತಿದ್ದೆ. ಎಡಗೈ ಎತ್ತಿ. ಸ್ವಲ್ಪ… ನೋವಾಗುತ್ತೆಯೇ? ಸರಿ, ಅಲ್ಲಿಗೇ ಬಿಡ್ತೀನಿ.

ನೀವು ಇದ್ದುಬಿಡಿ. ಅದನ್ನು ಹೇಳೋಣ ಅಂತಲೇ ಇಷ್ಟೆಲ್ಲ. ಟಿಕೆಟ್ ಬದಲಾಯಿಸಬಹುದು, ಇವರು ಒಂದು ಫೋನ್ ಮಾಡಿದರಾಯಿತು. ಬಚ್ಚಲಿಗೆ ಏನು ಬೇಕೋ ಮಾಡಿಸೋಣ. ಹಿಡಿದುಕೊಳ್ಳಲು ಇನ್ನೊಂದು ಹಿಡಿ, ತೊಟ್ಟಿಯೊಳಗೆ ಜಾರದ ಹಾಸು. ಈ ಊರಿನ ನೀರು ಗಡಸು, ಮೈ ತುರಿಸುತ್ತೆ, ಅದಕ್ಕೂ ಏನೋ ಪುಡಿ ಸಿಗುತ್ತೆ. ಸ್ನಾನದ ನೀರಿಗೆ ಹಾಕುವ ಯೂಜು ಹಣ್ಣು ಇಲ್ಲಿ ಸಿಗದೆ ನಾನು ನಿಂಬೆ ತೇಲಿಬಿಟ್ಟೆ, ನೀವು ಪಾಪ ‘ಪರಿಮಳ ಚೆನ್ನಾಗಿದೆ’ ಅಂದಿರಿ… ಬೇರೆ ಏನು? ಏನಿದ್ದರೂ ಹೇಳಿ. ಅದು ಸರಿಯಿಲ್ಲ ಅಂತ ಬೆರಳು ತೋರಿಸಿ, ಸಾಕು.

…

ಆ ಕಟ್ಟಿನ ವಿಷಯವೇ?

ಬೀರುವಿನ ಕೆಳಗಿನ ಅರೆಯಲ್ಲಿ ಇವರು ಇಟ್ಟದ್ದು? ಅದಕ್ಕೆ ನೊಂದುಕೊಂಡಿರೇ? ಅಯ್ಯೋ ಅತ್ತೆ! ಅದಕ್ಕೆ ಏನೂ ಅರ್ಥವಿಲ್ಲ. ಇಲ್ಲಿ ಎಂಬತ್ತು ದಾಟಿದವರಿಗೆ ಎಲ್ಲರಿಗೂ ಅದನ್ನು ಕೊಡ್ತಾರೆ. ಡಾಕ್ಟರೇ ಕೊಡ್ತಾರೆ. ದೊಡ್ಡವರ ಡೈಪರ್ ಅಂದರೆ ನಮ್ಮಲ್ಲಿ ನಾಚಿಕೆ, ಇಲ್ಲಿ ಅಂಗಡಿಯಲ್ಲಿ ಬ್ರೆಡ್ಡಿನ ಪಕ್ಕದಲ್ಲೇ ಇಟ್ಟಿರ್ತಾರೆ. ಇವರು ಏನೋ… ಆಫೀಸಿನಲ್ಲಿ ಯಾರೋ ಹೇಳಿದರು ಅಂತ… ಗಂಡಸರು, ಅವರಿಗೆ ಗೊತ್ತಾಗುವುದಿಲ್ಲ. ‘ಅಮ್ಮ, ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ’ ಅಂತ ಮೆಲ್ಲಗೆ ಹೇಳಿದರಂತೆ. ನೀವು ಕೈ ಮಡಿಲಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ, ‘ನಿಮಗೆಲ್ಲ ತೊಂದರೆ ಕೊಟ್ಟೆ, ಕ್ಷಮಿಸಿ’ ಅಂದಿರಂತೆ. ಇವರು ಬಂದು ನನಗೆ ಹೇಳಿದರು. ಅಡುಗೆಮನೆಯಲ್ಲಿ ನಿಂತು… ನಲವತ್ತೊಂಬತ್ತು ವರ್ಷದ ಗಂಡಸು, ತೋಳಿನಲ್ಲಿ ಮುಖ ಮುಚ್ಚಿಕೊಂಡು.

ನೀವೇ ಅಂದಿರಿ ಅತ್ತೆ. ‘ಕ್ಷಮಿಸಿ’ ಅಂತ ನೀವೇ. ನಾನು ಅಂದುಕೊಂಡೆ… ನಡೆದಿರಬಹುದು, ಒಂದೆರಡು ಸಲ, ನಿಮಗೇ ಗೊತ್ತಿಲ್ಲದೆ. ನೀರಿನಲ್ಲಿ ಹೋದದ್ದು ನೀರಿಗಲ್ಲದೆ ಯಾರಿಗೆ ಗೊತ್ತಾಗುತ್ತೆ? ಎಂಬತ್ತೊಂದು ವರ್ಷ. ನಡೆಯದೆ ಇದ್ದರೆ ಇಲ್ಲ ಅಂತ ನೀವು ಹೇಳ್ತಿದ್ದಿರಿ ತಾನೇ? ಯಾರಾದರೂ ಹೇಳ್ತಾರೆ. ಮಾಡದ್ದನ್ನು ಯಾರು ಒಪ್ಪಿಕೊಳ್ತಾರೆ?

…

ಬೆನ್ನು ನೋಡಿ ನನಗೇನು ತಿಳಿಯುತ್ತೆ?

ನೋಡಿ, ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ಹೇಳಿಬಿಡ್ತೀನಿ. ಮೂವರೂ ಒಂದೇ ನೀರಿನಲ್ಲಿ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೆಲವು ದಿನ ನೀರು ಬದಲಾಯಿಸಿದ್ದುಂಟು. ಇವರಿಗೋಸ್ಕರ. ಇವರು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು, ಇಲ್ಲಿಯವರ ಹಾಗೇ ಆಗಿದ್ದಾರೆ, ಇನ್ನೊಬ್ಬರ ನಂತರದ ನೀರು ಅಂದರೆ ಸ್ವಲ್ಪ… ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತೆ. ನಾನು ಹೆಂಡತಿ, ಏನು ಮಾಡಲಿ? ಮಗನಾಗಿ ಅವರೇ…

ಯಾಕೆ ಹಾಗೆ ತಲೆ ಅಲ್ಲಾಡಿಸ್ತೀರಿ?

ಅಲ್ಲ… ನೀವು ಹೇಗೆ… ಹೌದು. ಹೌದು, ಅಲ್ಲ. ಇವರಲ್ಲ. ನೀವು ಬಂದ ಮೊದಲ ರಾತ್ರಿ ಇವರು ಬಾಗಿಲು ಹಾಕಿಕೊಂಡು ತೊಟ್ಟಿಯಲ್ಲಿ ಹಾಡಿಕೊಂಡದ್ದನ್ನು ನೀವೂ ಕೇಳಿದಿರಿ. ‘ಅಮ್ಮನ ನಂತರದ ನೀರು ಸಿಕ್ಕಿ ಎಷ್ಟು ವರ್ಷವಾಯಿತು’ ಅಂತ, ಕೆಂಪಗೆ ಬೆಂದ ಮುಖ ಹೊತ್ತು ಬಂದು ಅಂದರು. ಅಂಥವರ ಮೇಲೆ ಹಾಕಲು ಹೊರಟೆ. ನಿಮ್ಮ ಮುಂದೆಯೇ. ನಿಮ್ಮ ಮಗನ ಮೇಲೆ, ನಿಮ್ಮ ಮುಂದೆ!

ಅತ್ತೆ, ನಿನ್ನೆ ಮಧ್ಯಾಹ್ನ ನಿಮ್ಮ ಹಾಸಿಗೆಯ ಹೊದಿಕೆ ಬದಲಾಯಿಸಲು ನಿಮ್ಮ ಕೋಣೆಗೆ ಹೋಗಿದ್ದೆ. ನೀವು ಬಾಲ್ಕನಿಯಲ್ಲಿ ಕೂತಿದ್ದಿರಿ. ನಾತ್ಸುಮಿ ಈಜಿ ಬಂದವಳು ಬಚ್ಚಲಲ್ಲಿ ಕೂದಲು ತೊಳೆದುಕೊಂಡು ನೀರು ಬಿಟ್ಟಳು. ದಿಂಬಿನ ಹಿಂದೆ, ಗೋಡೆಯೊಳಗೆ… ಗಡಗಡ ಗಡಗಡ ಅಂತ ಕೊಳವೆ. ನಾನು ದಿಂಬು ಹಿಡಿದುಕೊಂಡೇ ನಿಂತುಬಿಟ್ಟೆ. ಹೊರಹೋಗುವ ನೀರಿನ ಕೊಳವೆ ಆ ಗೋಡೆಯಲ್ಲೇ ಇದೆ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿದ್ದೀನಿ, ನನಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಯಾರೂ ಮಲಗ್ತಿರಲಿಲ್ಲ, ಇಸ್ತ್ರಿ ಮೇಜು ಇತ್ತು.

ನೀವು ಸ್ನಾನ ಮುಗಿಸಿ, ನನಗೆ ಅಂತ ಮುಚ್ಚಳ ಹಾಕಿ, ಬಿಸಿ ಆರದಿರಲಿ ಅಂತ ಅದರ ಮೇಲೆ ಟವೆಲು ಬೇರೆ ಮಡಿಸಿಟ್ಟು, ಬಂದು ಆ ಹಾಸಿಗೆಯ ಮೇಲೆ ಒರಗ್ತಿದ್ದಿರಿ. ಹೋಗಿ ಎರಡು ನಿಮಿಷಕ್ಕೆ ಗೋಡೆಯೊಳಗೆ ಗಡಗಡ. ಆಮೇಲೆ ಮತ್ತೆ ತೊಟ್ಟಿ ತುಂಬುವ ಸದ್ದು. ದಿನಾ. ಪ್ರತಿ ಸಂಜೆ. ಕೇಳಿಸಿಕೊಂಡಿರಿ. ಬೆಳಿಗ್ಗೆ ಎದ್ದು ‘ನಿನ್ನೆ ನೀರು ಬಿಸಿಯಿತ್ತೇ ಯೊರಿಕೊ, ನಾನು ಜಾಸ್ತಿ ಹೊತ್ತು ಕೂತುಬಿಟ್ಟೆನೇನೋ’ ಅಂತ ಕೇಳ್ತಿದ್ದಿರಿ. ನಾನು ‘ತುಂಬ ಹಿತವಾಗಿತ್ತು ಅತ್ತೆ’ ಅಂತಿದ್ದೆ. ಎದುರಿಗೆ ಕೂತು, ಚಹಾ ಬಗ್ಗಿಸುತ್ತಾ. ಮೂವತ್ತು ಸಲ ಅಂದಿದ್ದೀನಿ. ಗೊತ್ತಿದ್ದೂ ಮೂವತ್ತು ಸಲ ಕೇಳಿದಿರಿ. ಬಾಯಿಬಿಡಲು ನನಗೆ ದಾರಿ ಮಾಡಿಕೊಟ್ಟಿರೇನೋ… ನನಗೆ ತಿಳಿಯಲಿಲ್ಲ.

‘ಇನ್ನು ಮೇಲೆ ನಾನು ಕೊನೆಯಲ್ಲಿ ಮಾಡ್ತೀನಿ, ನನಗೆ ಅದೇ ಅಭ್ಯಾಸ’ ಅಂದಿರಿ ಒಂದು ದಿನ. ಅದಕ್ಕೂ ಬಿಡಲಿಲ್ಲ ನಾನು! ‘ಛೇ, ಹಿರಿಯರು ನೀವು’ ಅಂತ ಮೊದಲ ನೀರಿಗೇ ಕಳಿಸಿದೆ.

ಏನು ಕಂಡೆ ನೀರಿನಲ್ಲಿ ಅಂತ ನೀವು ಕೇಳಬೇಕು. ಕೇಳಿ. ಕೇಳದಿದ್ದರೂ ಹೇಳ್ತೀನಿ. ಏನೂ ಇರಲಿಲ್ಲ. ಮೊದಲ ಸಂಜೆ ಮುಚ್ಚಳ ತೆಗೆದು ನೋಡಿದೆ. ದೀಪ ಹಾಕಿ, ಬಗ್ಗಿ, ನನ್ನ ಕೆಲಸದ ಅಭ್ಯಾಸ, ಪರೀಕ್ಷೆ ಮಾಡುವವಳ ಹಾಗೆ ನೋಡಿದೆ. ಒಂದು ಕೂದಲಿಲ್ಲ. ನೊರೆಯಿಲ್ಲ, ವಾಸನೆಯಿಲ್ಲ. ಇಲ್ಲಿಯ ನೀರು ತಾನಾಗೇ ಬಿಡುವ ಸುಣ್ಣದ ಪೊರೆ ಅಂಚಿನಲ್ಲಿ, ಅಷ್ಟೇ. ಆ ಗೂಡಿನಲ್ಲಿ ಕೂತು ಅರ್ಧ ಗಂಟೆ ಉಜ್ಜಿ ತೊಳೆದು ಇಳಿದವರು ನೀವು. ನೀರು ತಿಳಿಯಾಗಿತ್ತು. ಇಳಿದೆ. ಇಳಿದು ಎದ್ದವಳು ಮತ್ತೆ ಷವರಿನ ಕೆಳಗೆ ನಿಂತು ಮೈಯೆಲ್ಲ ತೊಳೆದುಕೊಂಡೆ. ಯಾಕೆ ಅಂತ ಕೇಳಿಕೊಳ್ಳಲೂ ಇಲ್ಲ. ಮಾರನೆಯ ದಿನ ಮುಚ್ಚಳ ಎತ್ತಿ, ನೇರವಾಗಿ ಬಿರಡೆಗೇ ಕೈ ಹಾಕಿದೆ.

ಈ ಊರು ಹೀಗೆ ಮಾಡಿತು ನನ್ನನ್ನು ಅನ್ನಲೇ? ಅನ್ನಬಹುದು, ಹತ್ತೊಂಬತ್ತು ವರ್ಷ ಅಂತ ಕಾರಣ ಕೊಡಬಹುದು. ಆದರೆ ಇವರ ನಂತರದ ನೀರಿಗೆ ಭಾನುವಾರ ಭಾನುವಾರ ಇಳಿಯುತ್ತೀನಲ್ಲ? ನನ್ನ ತಾಯಿಯ ಕೊನೆಯ ಬೇಸಿಗೆಯಲ್ಲಿ ಅವರ ಮೈಯೆಲ್ಲ ಮದ್ದಿನ ವಾಸನೆ, ಇಲ್ಲಿಂದ ಹೋದ ನಾನೇ ಅವರ ನಂತರವೂ ಇಳಿದೆನಲ್ಲ? ಒಂದು ಸಲವೂ ಏನೂ ಅನ್ನಿಸಲಿಲ್ಲ. ನಿಮ್ಮ ಒಬ್ಬರ ನೀರಿಗೆ ಮಾತ್ರ… ಅದಕ್ಕೆ ಹೆಸರಿಲ್ಲ ಅತ್ತೆ. ಇದ್ದರೂ ಅದನ್ನು ನಿಮ್ಮ ಬೆನ್ನಿಗೆ ಹೇಳುವಷ್ಟು ಧೈರ್ಯ ನನಗಿಲ್ಲ.

ಇವರಿಗೆ ಹೇಗೆ ಗೊತ್ತಾಯಿತು ಅಂದರೆ… ಒಂದು ದಿನ ಬೇಗ ಬಂದುಬಿಟ್ಟರು. ಆರೂವರೆಗೇ. ನಾನು ತೋಳು ಮಡಿಸಿ ತೊಟ್ಟಿ ಉಜ್ಜುತ್ತಾ ಇದ್ದೆ. ಕೈಗೆ ರಬ್ಬರ್ ಗವಸು. ಬ್ಲೀಚಿನ ವಾಸನೆ. ಬಾಗಿಲಲ್ಲಿ ನಿಂತು, ‘ಅಮ್ಮನ ನೀರು ಯಾಕೆ ಬಿಟ್ಟೆ?’ ಅಂದರು. ಅಷ್ಟೇ ಕೇಳಿದ್ದು. ಬಯ್ಯುವ ದನಿಯಲ್ಲಲ್ಲ. ತನಗೆ ಅಂತ ಇಟ್ಟ ತಿಂಡಿ ಯಾರೋ ಎಸೆದರೆ ಕೇಳ್ತೀವಲ್ಲ, ಹಾಗೆ.

ಆ ಗವಸು ಹಾಕಿದ ಕೈ ನೋಡ್ತಾ ಇದ್ದರು. ಏನಾದರೂ ಹೇಳಲೇಬೇಕಿತ್ತು.

…

ಬೇಡ, ಏಳಬೇಡಿ! ಜಾರುತ್ತೆ, ಮೈತುಂಬ ಸೋಪಿದೆ. ಕೂತುಕೊಳ್ಳಿ ಅತ್ತೆ. ಮುಗಿಸಿಬಿಡ್ತೀನಿ. ನಿಮಗೆ ಗೊತ್ತಿದೆ, ನಾನು ಏನು ಹೇಳಿದೆ ಅಂತ ನಿಮಗೆ ಆ ಕಟ್ಟು ನೋಡಿದ ದಿನವೇ ಗೊತ್ತಾಯಿತು. ಆದರೂ ನನ್ನ ಬಾಯಿಂದ ಬರಬೇಕು.

‘ನಿಮ್ಮ ಅಮ್ಮನಿಗೆ ನೀರಿನಲ್ಲಿ ತಡೆಯಲು ಆಗುತ್ತಿಲ್ಲ. ದಿನಾ ಆಗುತ್ತಿದೆ. ಅವರ ಹತ್ತಿರ ಮಾತೆತ್ತಬೇಡಿ, ಅವಮಾನವಾಗುತ್ತೆ.’

ಇಷ್ಟೇ ಮಾತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವಮಾನವಾಗುತ್ತೆ ಅಂತ ನಾನೇ ಹೇಳಿದೆ. ತುಂಬ ಕರುಣೆಯಿರುವವಳ ಹಾಗೆ. ಇವರು ನನ್ನ ಗವಸಿನ ಕೈಯನ್ನೇ ಹಿಡಿದುಕೊಂಡು, ‘ಇಷ್ಟು ದಿನ ಒಬ್ಬಳೇ ಸಹಿಸಿಕೊಂಡೆಯಾ’ ಅಂದರು. ಇವರು ಅಷ್ಟು ಮೃದುವಾಗಿ ನನ್ನ ಹತ್ತಿರ ಮಾತಾಡಿ ಎಷ್ಟೋ ವರ್ಷವಾಗಿತ್ತು. ನಾನು ಸುಮ್ಮನೆ ನಿಂತು ಕೇಳಿಸಿಕೊಂಡೆ. ಹಿತವಾಗಿತ್ತು ಅತ್ತೆ. ಅದನ್ನೂ ಹೇಳಬೇಕು, ಹಿತವಾಗಿತ್ತು.

ಹಿರಿಯ ಹೆಂಗಸೊಬ್ಬಳು ತನ್ನ ಮಗನ ಮುಂದೆ, ಮಾಡದ ಕೆಲಸಕ್ಕೆ ‘ಕ್ಷಮಿಸಿ’ ಅಂತ ತಲೆ ಬಗ್ಗಿಸಿದಳು. ಮಗ ಸೊಸೆಯ ನಡುವೆ ಬಿರುಕು ಬರದಿರಲಿ ಅಂತ. ಅದಕ್ಕೇ ತಾನೇ? ಇಲ್ಲ ಅಂತ ಒಂದು ಮಾತು ಅಂದಿದ್ದರೆ ಇವರು ನನ್ನತ್ತ ತಿರುಗ್ತಿದ್ದರು. ನೀವು ಅನ್ನಲಿಲ್ಲ. ನನಗೆ ಹೇಗಿರಬೇಕು ಅಂತ… ಆ ದಿನ ನಾನು ಏನು ಮಾಡಿದೆ ಗೊತ್ತೇ? ನಿಟ್ಟುಸಿರು ಬಿಟ್ಟೆ. ‘ಸದ್ಯ, ಒಪ್ಪಿಕೊಂಡರು’ ಅಂತ.

ಇನ್ನೂ ಇದೆ. ಇದು ನಿಮಗೆ ಗೊತ್ತಿಲ್ಲ. ಗೊತ್ತಿದೆಯೇ? ಇವರು ಸೋಮವಾರ ಅಕಿತಾಗೆ, ಅಣ್ಣನಿಗೆ ಫೋನ್ ಮಾಡಿದರು. ಅಮ್ಮನನ್ನು ನೋಡಿಕೊಳ್ಳಬೇಕಲ್ಲ, ಮುಂಚೆಯೇ ಹೇಳಿರೋಣ ಅಂತ. ಅತ್ತಿಗೆ ಫೋನ್ ತೆಗೆದುಕೊಂಡು ನನ್ನ ಹತ್ತಿರ ಮಾತಾಡಿದರು. ‘ಒಳ್ಳೆಯದಾಯಿತು ಹೇಳಿದ್ದು. ಹಾಗಾದರೆ ಇನ್ನು ಮೇಲೆ ಅತ್ತೆಯದು ಕೊನೆಯ ಸ್ನಾನ ಅಂತ ಇಟ್ಟುಕೊಳ್ತೀವಿ, ಇಲ್ಲವೇ ವಾರಕ್ಕೆರಡು ಸಲ ವ್ಯಾನ್ ಬರುತ್ತೆ, ವೃದ್ಧರ ಕೇಂದ್ರದಲ್ಲಿ ಅವರೇ ತೊಳೆದು ಕಳಿಸ್ತಾರೆ, ಮಕ್ಕಳಿರುವ ಮನೆಯಲ್ಲವೇ’ ಅಂದರು. ಅವರ ತಪ್ಪಿಲ್ಲ. ನಾನು ಹೇಳಿದ್ದನ್ನು ನಂಬಿದರು. ಮಾವ ಹೋದ ಮೇಲೆ ಆ ಮನೆಯ ಮೊದಲ ನೀರು ನಿಮ್ಮದು. ಹದಿನೇಳು ವರ್ಷ ಕೊನೆಯಲ್ಲಿ ಕಾದು, ಒಂದೊಂದೇ ಸ್ಥಾನ ಮುಂದೆ ಬಂದು ನೀವು ತಲುಪಿದ ಜಾಗ. ನಿಮ್ಮ ನಂತರ ಮೊಮ್ಮಕ್ಕಳು ‘ಅಜ್ಜಿಯ ನೀರು’ ಅಂತ ಓಡಿಬರ್ತಿದ್ದರಲ್ಲ… ಶುಕ್ರವಾರ ನೀವು ವಿಮಾನ ಹತ್ತಿದರೆ, ಅಲ್ಲಿ ಬಾಗಿಲು ತೆರೆಯುವವರೆಲ್ಲ ನಿಮ್ಮನ್ನು ಬೇರೆ ಕಣ್ಣಿನಿಂದ ನೋಡ್ತಾರೆ. ನಿಮಗೆ ಯಾರೂ ಏನೂ ಹೇಳುವುದಿಲ್ಲ. ಎಲ್ಲರೂ ನನ್ನ ಹಾಗೇ, ತುಂಬ ಒಳ್ಳೆಯವರಾಗಿರ್ತಾರೆ.

ಇದು ಗೊತ್ತಿರಲಿಲ್ಲ ನಿಮಗೆ. ಅಲ್ಲವೇ. ಗೊತ್ತಿರಲಿಲ್ಲ. ಉಸಿರು ನಿಂತ ಹಾಗಾಯಿತು, ನನ್ನ ಕೈ ನಿಮ್ಮ ಬೆನ್ನ ಮೇಲೇ ಇದೆ…

ಅತ್ತೆ?

ಏನಾದರೂ ಅನ್ನಿ. ಬಯ್ಯಿರಿ. ನೀಚಳು ಅನ್ನಿ. ಮನೆಹಾಳಿ ಅನ್ನಿ, ಕೇಳಿಸಿಕೊಳ್ತೀನಿ. ಹೀಗೆ ನೆಟ್ಟಗೆ ಕೂತುಬಿಟ್ಟರೆ ನಾನು ಯಾರ ಹತ್ತಿರ…

ಸರಿ. ನಾನೇ ಫೋನ್ ಮಾಡ್ತೀನಿ. ಈಗಲೇ. ಇವರು ಆಫೀಸಿನಲ್ಲೇ ಇದ್ದಾರೆ, ಮೀಟಿಂಗ್ ಇದ್ದರೂ ಎದ್ದು ಬರ್ತಾರೆ. ಇವರಿಗೆ ಮೊದಲು, ಆಮೇಲೆ ಅಕಿತಾಗೆ, ಅತ್ತಿಗೆಗೆ. ಅಲ್ಲಿ ಈಗ ಸಂಜೆ ಏಳು ಗಂಟೆ, ಎಲ್ಲರೂ ಊಟಕ್ಕೆ ಕೂತಿರ್ತಾರೆ. ಎಲ್ಲರೂ ಕೇಳಲಿ. ನಿಮ್ಮ ಮೈಗೆ ಬಿಸಿನೀರು ಹಾಕಿ, ಟವೆಲು ಹೊದಿಸಿ, ಹೋಗ್ತೀನಿ…

ಅತ್ತೆ, ಕೈ.

ಕೈ ಬಿಡಿ. ಇಷ್ಟು ಶಕ್ತಿ ಎಲ್ಲಿತ್ತು ನಿಮಗೆ… ಬಿಡಿ, ಫೋನ್ ಹೊರಗಿದೆ.

ಯಾಕೆ ತಲೆ ಅಲ್ಲಾಡಿಸ್ತೀರಿ? ಬೇಡವೇ? ಹೇಳುವುದು ಬೇಡವೇ? ಅಕಿತಾ ವಿಷಯ ಕೇಳಿದ ಮೇಲೂ? ಆ ವ್ಯಾನಿನಲ್ಲಿ ಕೂತು ಹೋಗ್ತೀರಾ, ಯಾರೋ ಗೊತ್ತಿಲ್ಲದವರ ಕೈಯಲ್ಲಿ ಮೈ ತೊಳೆಸಿಕೊಳ್ತೀರಾ? ಯಾರಿಗೋಸ್ಕರ? ನನಗೋಸ್ಕರವೇ? ಬೇಡ. ನನಗೋಸ್ಕರ ಬೇಡ, ನಾನು ಅದಕ್ಕೆ… ಮಗನಿಗೋಸ್ಕರವೇ? ನಾತ್ಸುಮಿಗೋಸ್ಕರವೇ?

ಅಯ್ಯೋ, ನನ್ನ ಮುಖ ನೋಡಬೇಡಿ ಈಗ. ತಿರುಗಬೇಡಿ. ನೀವು ತಲೆ ಅಲ್ಲಾಡಿಸಿದಾಗ, ಒಂದು ಕ್ಷಣ, ಎದೆಯೊಳಗೆ ಏನೋ ಹಗುರವಾಯಿತು. ನೀವು ಕಂಡಿರಿ ಅದನ್ನು. ಕಂಡಿರಿ, ನನಗೆ ಗೊತ್ತು.

ಬಿಡಿ ಅತ್ತೆ. ನಿಮ್ಮ ಕಾಲು ಹಿಡಿಯುತ್ತೀನಿ, ಕೈ ಬಿಡಿ. ಇನ್ನೊಂದು ನಿಮಿಷ ಹೀಗೇ ಹಿಡಿದಿದ್ದರೆ ನಾನು ಒಪ್ಪಿಬಿಡ್ತೀನಿ.